ಹಲ್ಲು ಕೀಳಿಸಿದ ಮೇಲೂ ಅಮ್ಮನ ದವಡೆ ನೋವು ನಿಂತಿಲ್ಲ, ಮುಖದ ನೋವು ಮಿದುಳಿಗೆ ಹೋಗುವ ದಾರಿ ಯಾವುದು?

ಶಿಡ್ಲಘಟ್ಟ_ರೇಷ್ಮೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಮ್ಮನಿಗೆ ಅರವತ್ತರ ಆಸುಪಾಸು. ಶಿಡ್ಲಘಟ್ಟದ ಹತ್ತಿರದ ಹಳ್ಳಿ, ರೇಷ್ಮೆ ಹುಳು ಮೇಯಿಸುವ ಮನೆ ನಮ್ಮದು. ಬೆಳಗ್ಗೆ ಬೇಗ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುವುದು ಅಮ್ಮನೇ. ಹೋದ ಚಳಿಗಾಲದಿಂದ ಬಲಗಡೆ ಕೆಳದವಡೆಯಲ್ಲಿ ನೋವು ಶುರುವಾಗಿದೆ. ಕರೆಂಟ್ ಹೊಡೆದ ಹಾಗೆ ಛಳಕ್ ಅಂತ ಬರುತ್ತದೆ, ಕೆಲವು ಸೆಕೆಂಡು ಇದ್ದು ಹೋಗುತ್ತದೆ. ಮುಖ ತೊಳೆಯುವಾಗ ಬರುತ್ತದೆ, ತಣ್ಣನೆ ಗಾಳಿ ಬಡಿದರೆ ಬರುತ್ತದೆ, ಒಂದೊಂದು ಸಲ ಮಾತಾಡುವಾಗಲೂ ಬರುತ್ತದೆ. ಮಾತಿನ ಮಧ್ಯೆ ತಟ್ಟನೆ ನಿಲ್ಲಿಸಿ, ಕೈಯನ್ನು ಕೆನ್ನೆ ಹತ್ತಿರ ತಂದು, ಮುಟ್ಟದೆ ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಕೂತುಬಿಡುತ್ತಾರೆ. ನೋಡೋಕಾಗಲ್ಲ.

ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ದವಡೆ ಹಲ್ಲೊಂದರಲ್ಲಿ ಹುಳುಕು ಇತ್ತು, ಕಿತ್ತರು. ಗಾಯ ಮಾಗಿತು, ನೋವು ಮಾತ್ರ ಅದೇ ಜಾಗದಲ್ಲಿ ಹಾಗೇ ಇದೆ. ಪಕ್ಕದ ಹಲ್ಲನ್ನೂ ತೆಗೆಯೋಣ ಅಂದರು. ಅಷ್ಟೊತ್ತಿಗೆ ನಮಗೆ ಅನುಮಾನ ಬಂದು ಇನ್ನೊಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಇದು ಹಲ್ಲಿನದ್ದಲ್ಲ, ನರದ್ದು ಅಂತ ಹೇಳಿ ಕಾರ್ಬಮಜೆಪಿನ್ ಬರೆದುಕೊಟ್ಟರು. ಮೆಡಿಕಲ್ ಸ್ಟೋರಿನವರು "ಇದು ಫಿಟ್ಸ್ ಮಾತ್ರೆ" ಅಂದಿದ್ದೇ ತಡ, ಅಮ್ಮ ಹೆದರಿಕೊಂಡು ಅದನ್ನು ಮುಟ್ಟುತ್ತಲೇ ಇಲ್ಲ. ಊರಲ್ಲಿ ಎಲ್ಲರೂ ವಾಯು ಅಂತಾರೆ.

ನನಗೆ ಅರ್ಥವಾಗಬೇಕಿರುವುದು ಇಷ್ಟು. ಕಿತ್ತು ಬಿಸಾಕಿದ ಹಲ್ಲು ಹೇಗೆ ನೋಯುತ್ತದೆ? ಬರೀ ಗಾಳಿ ತಾಗಿದರೆ ಅಷ್ಟು ನೋವು ಯಾಕೆ? ಕೈಕಾಲಿನ ನೋವು ಬೆನ್ನುಹುರಿ ಮೂಲಕ ಮೇಲೆ ಹೋಗುತ್ತದೆ ಅಂತ ಓದಿದ್ದೆ, ಮುಖದ್ದೂ ಹಾಗೇನಾ? ಇನ್ನೊಂದು, ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ಅಮ್ಮನ ಕೆಳತುಟಿ ಸರಿಯಾಗಿ ಅರ್ಧಕ್ಕೆ ಮರಗಟ್ಟಿತ್ತು, ಆದರೆ ಬಾಯಿ ಆಡಿಸೋಕೆ ಏನೂ ತೊಂದರೆ ಇರಲಿಲ್ಲ. ಅದು ಹೇಗೆ?

ಗೊತ್ತಿರುವವರು ಬಿಡಿಸಿ ಹೇಳಿ. ನಾನು ಅರ್ಥ ಮಾಡಿಕೊಂಡರೆ ತಾನೇ ಅಮ್ಮನಿಗೆ ಹೇಳೋಕಾಗೋದು.

ಹಲ್ಲಿನ_ಡಾಕ್ಟರ್_ತುಮಕೂರು

ಮೊದಲು ಒಂದು ಮಾತು. ಇನ್ನೊಂದು ಹಲ್ಲು ಕೀಳಿಸದೆ ನಿಲ್ಲಿಸಿದ್ದು ಒಳ್ಳೆಯದಾಯಿತು. ನೀವು ಬರೆದಿರುವ ಲಕ್ಷಣಗಳು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಅನ್ನುವ ಕಾಯಿಲೆಗೆ ಚೆನ್ನಾಗಿ ಹೊಂದುತ್ತವೆ. ಇಲ್ಲಿಂದ ಕೂತು ಇದೇ ಅಂತ ಹೇಳೋಕಾಗಲ್ಲ, ಅದನ್ನು ನ್ಯೂರಾಲಜಿಸ್ಟ್ ನೋಡಿ ಹೇಳಬೇಕು. ಆದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳಬಹುದು.

ಮುಖದ ಸ್ಪರ್ಶ, ನೋವು, ಬಿಸಿ, ತಂಪು ಹೆಚ್ಚುಕಡಿಮೆ ಎಲ್ಲವನ್ನೂ ಹೊರುವುದು ಒಂದೇ ಜೊತೆ ನರ, ಬಲಕ್ಕೊಂದು ಎಡಕ್ಕೊಂದು. ಅದೇ ಟ್ರೈಜೆಮಿನಲ್ ನರ. ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ ಇದು 5ನೆಯದು. ಮುಖಕ್ಕೆ ಬರುವಾಗ ಮೂರು ಕವಲಾಗುತ್ತದೆ. ಮೇಲಿನ ಕವಲು ಹಣೆ, ಕಣ್ಣು, ಮೂಗಿನ ತುದಿ ನೋಡಿಕೊಳ್ಳುತ್ತದೆ. ನಡುವಿನದು ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲುಗಳು. ಕೆಳಗಿನದು ಕೆಳದವಡೆ, ಕೆಳಗಿನ ಹಲ್ಲು, ಗದ್ದ, ನಾಲಿಗೆಯ ಮುಂಭಾಗ.

ನಿಮ್ಮ ಮುಖದಲ್ಲೇ ನೋಡಿಕೊಳ್ಳಬಹುದು. ಹುಬ್ಬಿನ ಮೂಳೆಯ ಅಂಚಿನಲ್ಲಿ, ಮೂಗಿನ ಕಡೆಗೆ ಸ್ವಲ್ಪ ಸರಿದು ಬೆರಳು ಓಡಿಸಿ, ಒಂದು ಸಣ್ಣ ಕಚ್ಚು ಸಿಗುತ್ತದೆ. ಒತ್ತಿದರೆ ಜುಮ್ಮೆನ್ನುತ್ತದೆ. ಅಲ್ಲಿಂದ ಮೇಲಿನ ಕವಲು ಹಣೆಗೆ ಹತ್ತುತ್ತದೆ. ಕಣ್ಣುಗೂಡಿನ ಕೆಳ ಅಂಚಿಂದ ಸ್ವಲ್ಪ ಕೆಳಗೆ ಒತ್ತಿ, ಅಲ್ಲೊಂದು ರಂಧ್ರ ಇದೆ, ನಡುವಿನ ಕವಲು ಬರುವುದು ಅಲ್ಲಿಂದ. ಕೋರೆಹಲ್ಲಿನ ಹಿಂದಿರುವ ಎರಡು ಸಣ್ಣ ದವಡೆ ಹಲ್ಲುಗಳ ಕೆಳಗೆ, ಗದ್ದದ ಪಕ್ಕ ಇನ್ನೊಂದು. ಮೂರೂ ಹೆಚ್ಚುಕಡಿಮೆ ಕಣ್ಣುಪಾಪೆಯ ನೇರಕ್ಕೆ ಒಂದೇ ಸಾಲಲ್ಲಿ ಇರುತ್ತವೆ. ಓದುವ ಕಾಲದಲ್ಲಿ ಇದನ್ನು ನನ್ನ ಮುಖದ ಮೇಲೇ ಹುಡುಕಿಕೊಂಡಾಗ ಆದ ಖುಷಿ ಈಗಲೂ ನೆನಪಿದೆ.

ಈಗ ತುಟಿ ವಿಷಯ. ಕೆಳದವಡೆ ಹಲ್ಲಿಗೆ ನಾವು ಇಂಜೆಕ್ಷನ್ ಕೊಡುವುದು ಹಲ್ಲಿನ ಬುಡಕ್ಕಲ್ಲ, ಬಾಯಿ ತೆರೆಸಿ ತುಂಬ ಹಿಂದೆ, ನರ ದವಡೆ ಮೂಳೆಯೊಳಗೆ ನುಗ್ಗುವ ಜಾಗದ ಹತ್ತಿರ. ಆ ನರ ಮೂಳೆಯೊಳಗಿನ ಕೊಳವೆಯಲ್ಲಿ ಹಲ್ಲುಗಳ ಬುಡದ ಕೆಳಗೇ ಸಾಗುತ್ತದೆ, ಒಂದೊಂದು ಹಲ್ಲಿಗೂ ಎಳೆ ಕೊಡುತ್ತದೆ, ಕೊನೆಗೆ ಗದ್ದದ ಪಕ್ಕದ ರಂಧ್ರದಿಂದ ಹೊರಬಂದು ಕೆಳತುಟಿಯ ಚರ್ಮಕ್ಕೆ ಹೋಗುತ್ತದೆ. ಹಿಂದೆ ತಡೆದರೆ ಮುಂದಿನದೆಲ್ಲ ಮರಗಟ್ಟುತ್ತದೆ. ಎಡದ ನರ ಬೇರೆ, ಬಲದ್ದು ಬೇರೆ, ಅದಕ್ಕೇ ತುಟಿಯ ನಡುವಿಗೆ ಗೆರೆ ಎಳೆದ ಹಾಗೆ ನಿಲ್ಲುತ್ತದೆ.

ಇನ್ನು ತುಟಿ ಆಡಿಸುವ ಕೆಲಸ ಈ ನರದ್ದೇ ಅಲ್ಲ. ನಗುವುದು, ಕಣ್ಣು ಮುಚ್ಚುವುದು, ತುಟಿ ಮುಂದೆ ಮಾಡುವುದು ಎಲ್ಲ 7ನೇ ನರದ್ದು, ಫೇಶಿಯಲ್ ನರ. ಬಾಯಿ ಒಂದು ಕಡೆ ಸೊಟ್ಟ ಆಗುತ್ತದಲ್ಲ, ಬೆಲ್ಸ್ ಪಾಲ್ಸಿ, ಅದು ಆ ನರದ ತೊಂದರೆ. ಟ್ರೈಜೆಮಿನಲ್ ಆಡಿಸುವುದು ಮುಖ್ಯವಾಗಿ ಅಗಿಯುವ ಸ್ನಾಯುಗಳನ್ನು, ಅದೂ ಕೆಳಗಿನ ಕವಲು ಮಾತ್ರ. ಹೀಗೆ ಮುಖದಲ್ಲಿ ಗೊತ್ತಾಗುವ ದಾರಿ ಬೇರೆ, ಆಡಿಸುವ ದಾರಿ ಬೇರೆ. ಕಣ್ಣಿಗೆ ಧೂಳು ಬಿದ್ದರೆ ರೆಪ್ಪೆ ಮುಚ್ಚುತ್ತದಲ್ವಾ, ಅಲ್ಲಿ ಎರಡೂ ಸೇರಿ ಕೆಲಸ ಮಾಡುತ್ತವೆ. ಸುದ್ದಿ ಒಯ್ಯುವುದು 5ನೆಯದು, ರೆಪ್ಪೆ ಮುಚ್ಚಿಸುವುದು 7ನೆಯದು.

ಹಲ್ಲಿನ ನೋವಿಗೂ ಇದಕ್ಕೂ ವ್ಯತ್ಯಾಸ ಹೇಳುತ್ತೇನೆ. ಹುಳುಕು ಒಳಗಿಳಿದ ಹಲ್ಲು ತಣ್ಣೀರು ಕುಡಿದರೆ ನೋಯುತ್ತದೆ, ನೀರು ನುಂಗಿದ ಮೇಲೂ ತುಂಬ ಹೊತ್ತು ಮಿಡಿಯುತ್ತಿರುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಹಲ್ಲನ್ನು ಮೆಲ್ಲಗೆ ತಟ್ಟಿದರೂ ನೋವು. ನರದ ನೋವು ಸೆಕೆಂಡುಗಳದ್ದು, ಹೆಚ್ಚೆಂದರೆ 2 ನಿಮಿಷ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ ಏನೂ ಇರುವುದಿಲ್ಲ, ನಿದ್ದೆಯಲ್ಲಿ ಬರುವುದೂ ಕಮ್ಮಿ. ಈ ಪ್ರಶ್ನೆಗಳನ್ನು ಕೇಳದೆ ಇಕ್ಕಳ ಕೈಗೆತ್ತಿಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ವಯಸ್ಸಿನಲ್ಲಿ ಯಾರ ಬಾಯಲ್ಲಿ ನೋಡಿದರೂ ಒಂದು ಹುಳುಕು ಹಲ್ಲು ಸಿಕ್ಕೇ ಸಿಗುತ್ತದೆ. ನಮ್ಮ ಪಾವಗಡದ ಕಡೆಯವರ ಹಲ್ಲಿನಲ್ಲಂತೂ ನೀರಿನ ಫ್ಲೋರೈಡ್‌ನಿಂದ ಕಂದು ಕಲೆ ಇರುತ್ತದೆ, ನೋಡಿದ ತಕ್ಷಣ ಹಲ್ಲಿನ ಮೇಲೇ ಅನುಮಾನ ಬರುತ್ತದೆ. ಕಲೆ ಇದ್ದ ಮಾತ್ರಕ್ಕೆ ಆ ಹಲ್ಲು ನೋಯುತ್ತಿದೆ ಅಂತಲ್ಲ.

ಫಿಸಿಯಾಲಜಿ_ಮೇಡಂ_ಕೋಲಾರ

ಡಾಕ್ಟರು ಮುಖದ ಕಡೆಯ ಅರ್ಧ ದಾರಿ ಚೆನ್ನಾಗಿ ಹೇಳಿದ್ದಾರೆ. ನಾನು ನರ್ಸಿಂಗ್ ಮಕ್ಕಳಿಗೆ ಈ ಪಾಠ ಮಾಡುತ್ತೇನೆ, ಉಳಿದ ಅರ್ಧ ನನಗೆ ಬಿಡಿ.

ಮೂರು ಕವಲೂ ತಲೆಬುರುಡೆಯೊಳಗೆ ಬೇರೆ ಬೇರೆ ಕಿಂಡಿಗಳಿಂದ ಹೋಗಿ, ಕಿವಿಯ ಮುಂದುಗಡೆ ಒಳಕ್ಕೆ ಇರುವ ಒಂದು ಗಂಟಿನಲ್ಲಿ ಸೇರುತ್ತವೆ. ಅದಕ್ಕೆ ಗ್ಯಾಸೇರಿಯನ್ ಗ್ಯಾಂಗ್ಲಿಯಾನ್ ಅಂತಾರೆ, 18ನೇ ಶತಮಾನದ ವಿಯೆನ್ನಾದ ಅಂಗರಚನಾ ಶಾಸ್ತ್ರಜ್ಞ ಗ್ಯಾಸರ್ ಹೆಸರು ಅದು. ಮುಖದ ಹೆಚ್ಚಿನ ಸಂವೇದನಾ ನರಕೋಶಗಳ ಒಡಲು ಇರುವುದು ಈ ಗಂಟಿನಲ್ಲಿ. ಅಲ್ಲಿಂದ ಒಂದು ದಪ್ಪ ಬೇರು ಹೊರಟು ಮಿದುಳುಕಾಂಡದ ನಡುಭಾಗಕ್ಕೆ, ಪಾನ್ಸ್ ಅನ್ನುವ ಜಾಗಕ್ಕೆ ಪಕ್ಕದಿಂದ ನುಗ್ಗುತ್ತದೆ. ಅಂದರೆ ಶಿಡ್ಲಘಟ್ಟದವರೇ, ಮುಖದ ಸುದ್ದಿಗೆ ಬೆನ್ನುಹುರಿಯ ಮೂಲಕ ಒಳಗೆ ಬರುವ ಅಗತ್ಯ ಇಲ್ಲ.

ಆದರೂ ನಿಮ್ಮ ಊಹೆ ಪೂರ್ತಿ ತಪ್ಪೂ ಅಲ್ಲ, ನನಗೆ ಇಷ್ಟವಾದ ಭಾಗವೇ ಇದು. ಮಿದುಳುಕಾಂಡಕ್ಕೆ ಬಂದ ಮೇಲೆ ಸುದ್ದಿಗಳು ಬೇರೆ ಬೇರೆಯಾಗುತ್ತವೆ. ನವಿರಾದ ಸ್ಪರ್ಶದ್ದು ಅಲ್ಲೇ ಪಾನ್ಸ್‌ನಲ್ಲಿ ಮುಂದಿನ ಕೋಶಕ್ಕೆ ದಾಟುತ್ತದೆ. ನೋವು ಮತ್ತು ಬಿಸಿ-ತಂಪಿನದು ಮಾತ್ರ ಕೆಳಕ್ಕೆ ತಿರುಗಿ, ಮಿದುಳುಕಾಂಡದ ಉದ್ದಕ್ಕೂ ಇಳಿದು, ಕುತ್ತಿಗೆಯ ಮೇಲಿನ ಬೆನ್ನುಹುರಿಯವರೆಗೂ ಹೋಗುತ್ತದೆ. ಅಲ್ಲಿ ಕುತ್ತಿಗೆಯ ಮೊದಲ ಎರಡು ಮೂರು ನರಗಳ ಸುದ್ದಿಯೂ ಬಂದು ಸೇರುತ್ತದೆ. ಕುತ್ತಿಗೆ ಹಿಡಿದುಕೊಂಡಾಗ ಕೆಲವರಿಗೆ ಹಣೆ, ಕಣ್ಣಿನ ಹಿಂದೆ ನೋವು ಬರಲು ಇದೂ ಒಂದು ಕಾರಣ.

ಮೂರನೆಯದು ದವಡೆ ಸ್ನಾಯು ಎಷ್ಟು ಎಳೆದಿದೆ, ಹಲ್ಲಿನ ಮೇಲೆ ಎಷ್ಟು ಒತ್ತಡ ಬಿತ್ತು ಅನ್ನುವ ಸುದ್ದಿ. ಅನ್ನದಲ್ಲಿ ಕಲ್ಲು ಸಿಕ್ಕರೆ ನೀವು ಯೋಚನೆ ಮಾಡುವ ಮೊದಲೇ ದವಡೆ ತೆರೆದುಕೊಂಡಿರುತ್ತದೆ, ಅಲ್ವಾ? ಹಲ್ಲನ್ನು ಮೂಳೆಗೆ ಹಿಡಿದಿಟ್ಟಿರುವ ತೆಳು ಪದರದಲ್ಲಿ ನರದ ತುದಿಗಳಿವೆ, ಅವು ಮಿದುಳುಕಾಂಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದಲೇ ಕಚ್ಚುವುದನ್ನು ನಿಲ್ಲಿಸಿ ಅಂತ ಸ್ನಾಯುಗಳಿಗೆ ಆಜ್ಞೆ ಹೋಗುತ್ತದೆ. ಮೇಲಿನ ಮಿದುಳಿಗೆ ಗೊತ್ತಾಗುವುದು ಆಮೇಲೆ.

ನಂತರ ಬಹುಪಾಲು ಎಳೆಗಳು ಇನ್ನೊಂದು ಪಕ್ಕಕ್ಕೆ ದಾಟಿ, ಮಿದುಳಿನ ಆಳದಲ್ಲಿ ಸುದ್ದಿಗಳನ್ನು ಮುಂದೆ ದಾಟಿಸುವ ಥಲಾಮಸ್ ಅನ್ನುವ ಜಾಗಕ್ಕೆ ಹೋಗುತ್ತವೆ, ಅಲ್ಲಿಂದ ಮಿದುಳಿನ ಮೇಲ್ಪದರಕ್ಕೆ. ಅಮ್ಮನ ಬಲದವಡೆಯ ನೋವು ಗೊತ್ತಾಗುವುದು ಎಡ ಮಿದುಳಿನಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಪೆನ್‌ಫೀಲ್ಡ್ ಅನ್ನುವ ಶಸ್ತ್ರವೈದ್ಯರು, ಎಚ್ಚರದಲ್ಲಿದ್ದ ರೋಗಿಗಳ ಮಿದುಳಿನ ಮೇಲೆ ಸಣ್ಣ ವಿದ್ಯುತ್ ಕೊಟ್ಟು ಎಲ್ಲಿ ಏನು ಅನ್ನಿಸುತ್ತದೆ ಅಂತ ಕೇಳಿ ಕೇಳಿ ಗುರುತು ಮಾಡಿ, 1937ರಲ್ಲಿ ಪ್ರಕಟಿಸಿದರು. ಇಡೀ ಬೆನ್ನಿಗಿಂತ ತುಟಿಗೇ ಹೆಚ್ಚು ಜಾಗ ಅಲ್ಲಿ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮಿದುಳಿಗೆ ಹಲ್ಲು ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ಯಾವ ಎಳೆಯಲ್ಲಿ ಸುದ್ದಿ ಬಂತು ಅನ್ನುವುದು ಮಾತ್ರ. ಆ ಎಳೆಯನ್ನು ದಾರಿಯ ನಡುವೆ ಎಲ್ಲಿ ಕೆಣಕಿದರೂ, ಎಳೆಯ ತುದಿ ಎಲ್ಲಿತ್ತೋ ಅಲ್ಲೇ ನೋವು ಅನ್ನಿಸುತ್ತದೆ. ಹಲ್ಲು ಹೋಯಿತು, ಹಲ್ಲಿನ ಎಳೆ ಬಂದು ಸೇರುವ ನರ ಹೋಗಿಲ್ಲ. ಅಮ್ಮನ ನೋವು ಸುಳ್ಳೂ ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಇದನ್ನು ಅವರಿಗೆ ಖಂಡಿತ ಹೇಳಿ.

ಹಾಗಾದರೆ ಕೆಣಕುತ್ತಿರುವುದು ಏನು? ಈ ಕಾಯಿಲೆ ಇರುವ ಬಹಳ ಜನರಲ್ಲಿ, ನರದ ಬೇರು ಪಾನ್ಸ್‌ಗೆ ಸೇರುವ ಹತ್ತಿರ ಒಂದು ರಕ್ತನಾಳ ಒತ್ತಿಕೊಂಡಿರುತ್ತದೆ. ಸಾಮಾನ್ಯವಾಗಿ ಅದು ಕಿರುಮಿದುಳಿಗೆ ರಕ್ತ ಒಯ್ಯುವ ಮೇಲಿನ ಅಪಧಮನಿ. ವಯಸ್ಸಾದಂತೆ ರಕ್ತನಾಳ ಉದ್ದವಾಗಿ ಬಳುಕುತ್ತದೆ, ನಾಡಿ ಬಡಿದಷ್ಟು ಸಲವೂ ನರಕ್ಕೆ ತಟ್ಟುತ್ತದೆ. ಎಳೆಗಳ ಮೇಲೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ, ಅದು ಸವೆಯುತ್ತದೆ. ಬೋರ್‌ವೆಲ್ ಮೋಟರಿನ ಕೇಬಲ್ ಮೇಲಿನ ರಬ್ಬರ್ ಕಿತ್ತು, ಒಳಗಿನ ತಂತಿಗಳು ಒಂದಕ್ಕೊಂದು ತಾಗಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸ್ಪರ್ಶದ ಎಳೆಯಲ್ಲಿ ಹೊರಟ ಸುದ್ದಿ ಪಕ್ಕದ ನೋವಿನ ಎಳೆಗೆ ಹಾರಿಬಿಡುತ್ತದೆ. ಅದಕ್ಕೇ ತಣ್ಣನೆ ಗಾಳಿ, ಸೆರಗು, ಮುಖ ತೊಳೆಯುವ ನೀರು ಸಾಕು. ಜೋರಾಗಿ ಒತ್ತಿದರೆ ಬರದ ನೋವು ಮೆಲ್ಲಗೆ ಸವರಿದರೆ ಬರುತ್ತದೆ. ಅಮ್ಮ ಕೈಯನ್ನು ಕೆನ್ನೆಗೆ ತಾಗಿಸದೆ ಹಿಡಿಯುತ್ತಾರೆ ಅಂತ ಬರೆದಿರಲ್ಲ, ಅದನ್ನು ಓದಿದಾಗಲೇ ನನಗೆ ಹೀಗಿರಬಹುದು ಅನ್ನಿಸಿತು. ಹಲ್ಲುನೋವಿನವರು ಕೆನ್ನೆಯನ್ನು ಒತ್ತಿ ಹಿಡಿದುಕೊಂಡು ಬರುತ್ತಾರೆ.

ಫಿಟ್ಸ್ ಮಾತ್ರೆ ಯಾಕೆ ಅಂದರೆ, ನರದ ಎಳೆಯಲ್ಲಿ ಸುದ್ದಿ ಓಡಬೇಕಾದರೆ ಸೋಡಿಯಂ ಒಳಗೆ ಬರುವ ಬಾಗಿಲುಗಳು ತೆರೆಯಬೇಕು. ಕಾರ್ಬಮಜೆಪಿನ್ ಆ ಬಾಗಿಲುಗಳು ಪದೇ ಪದೇ ತೆರೆದುಕೊಳ್ಳುವುದನ್ನು ತಡೆಯುತ್ತದೆ. ಫಿಟ್ಸ್‌ನಲ್ಲೂ ನರಕೋಶಗಳು ಹಾಗೆ ಎಡೆಬಿಡದೆ ಸಿಡಿಯುವುದೇ ತೊಂದರೆ. ಕಾಯಿಲೆ ಬೇರೆ, ತಡೆಯಬೇಕಾದ ಜಾಗ ಒಂದೇ ತರಹದ್ದು. ಈ ಮುಖದ ನೋವಿಗೆ ಇದನ್ನು 1962ರಿಂದಲೇ ಬಳಸುತ್ತಿದ್ದಾರೆ, ಇವತ್ತಿಗೂ ಮೊದಲು ಬರೆಯುವ ಔಷಧಿಗಳಲ್ಲಿ ಅದೇ ಮುಖ್ಯ. ಮಾಮೂಲಿ ನೋವಿನ ಮಾತ್ರೆ ಇಲ್ಲಿ ಕೆಲಸ ಮಾಡುವುದು ತೀರಾ ಕಮ್ಮಿ.

ಡಾಕ್ಟರು ಹೇಳಿದ್ದಕ್ಕೆ ಒಂದು ಸಣ್ಣ ಸೇರಿಸುವಿಕೆ. ಕಿವಿಯ ಕೆಳಗೆ ದವಡೆ ತಿರುಗುವ ಮೂಲೆ ಇದೆಯಲ್ಲ, ಆ ಚರ್ಮ ಮಾತ್ರ ಟ್ರೈಜೆಮಿನಲ್‌ನದ್ದಲ್ಲ, ಕುತ್ತಿಗೆಯಿಂದ ಬರುವ ನರದ್ದು. ಪರೀಕ್ಷೆಯಲ್ಲಿ ಮಕ್ಕಳು ಎಡವುವುದೇ ಅಲ್ಲಿ.

ಮಧುಗಿರಿ_ಮೇಷ್ಟ್ರು

ತಮ್ಮಾ, ನನಗೆ ಇದೇ ಕಾಯಿಲೆ ಇದೆ, ಎಡಗಡೆ ಕೆನ್ನೆಗೆ. ಶಾಸ್ತ್ರವನ್ನು ಮೇಲಿನವರು ಹೇಳಿದ್ದಾರೆ, ನಾನು ದಿನದ ಬದುಕು ಹೇಳುತ್ತೇನೆ.

ಅಮ್ಮನಿಗೆ ಬೆಳಗ್ಗೆ ತೋಟಕ್ಕೆ ಹೋಗುವಾಗ ಮುಖಕ್ಕೆ ಮಫ್ಲರ್ ಬೇಕು, ಆದರೆ ಸಡಿಲವಾಗಿ ಕಟ್ಟಿದರೆ ಅದು ಅಲ್ಲಾಡಿ ಕೆನ್ನೆ ಸವರುತ್ತದೆ, ಇನ್ನೂ ಕಷ್ಟ. ಸ್ವಲ್ಪ ಬಿಗಿಯಾಗಿ, ಅಲ್ಲಾಡದ ಹಾಗೆ ಸುತ್ತಬೇಕು. ಮುಖ ತೊಳೆಯೋಕೆ ಉಗುರುಬೆಚ್ಚಗಿನ ನೀರು. ಹಲ್ಲುಜ್ಜುವುದನ್ನು ನೋವು ಕಮ್ಮಿ ಇರುವ ಹೊತ್ತಿಗೆ ಇಟ್ಟುಕೊಳ್ಳಲಿ. ಒಂದು ಹೊಡೆತ ಬಂದು ಹೋದ ತಕ್ಷಣ ಸ್ವಲ್ಪ ಹೊತ್ತು ನರ ಸುಮ್ಮನಿರುತ್ತದೆ, ನಾನು ಆ ಸಮಯದಲ್ಲೇ ಬೇಗ ಬೇಗ ಕೆಲಸ ಮುಗಿಸಿಕೊಳ್ಳುತ್ತಿದ್ದೆ.

ಊಟಕ್ಕೆ ಮುದ್ದೆಯಷ್ಟು ಒಳ್ಳೆಯದು ಬೇರೆ ಇಲ್ಲ. ಅಗಿಯುವ ಹಾಗಿಲ್ಲವಲ್ಲ, ಸಣ್ಣ ತುತ್ತು ಮುರಿದು ಸಾರಲ್ಲಿ ಅದ್ದಿ ನೋವಿಲ್ಲದ ಕಡೆಗೆ ಇಟ್ಟು ನುಂಗಿದರಾಯಿತು. ಜಾಸ್ತಿ ಬಿಸಿ ಬೇಡ, ಖಾರವೂ ಬೇಡ. ರೊಟ್ಟಿ, ಚಕ್ಕುಲಿ, ಕಡಲೆಕಾಯಿ ಇವೆಲ್ಲ ನನಗೆ ಆಗುತ್ತಿರಲಿಲ್ಲ. ನೋವಿನ ಭಯಕ್ಕೆ ಊಟ ಬಿಟ್ಟು ಸೊರಗುವವರು ಇದ್ದಾರೆ, ಅದಕ್ಕೆ ಮಾತ್ರ ಬಿಡಬೇಡ.

ಮಾತ್ರೆ ಶುರುವಿನಲ್ಲಿ ತಲೆ ತಿರುಗಿಸುತ್ತದೆ, ನಿದ್ದೆ ಎಳೆಯುತ್ತದೆ. ಅದಕ್ಕೇ ಸಣ್ಣ ಪ್ರಮಾಣದಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾರೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಯಾರಾದರೂ ಜೊತೆಗಿರಿ. ಮೈಮೇಲೆ ಗಂಧೆ ಎದ್ದರೆ, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು, ನಾಳೆ ನೋಡೋಣ ಅನ್ನಬಾರದು. ನೋವು ಹೋಯಿತು ಅಂತ ನೀವಾಗಿಯೇ ಏಕಾಏಕಿ ನಿಲ್ಲಿಸುವುದೂ ಬೇಡ. ರಕ್ತದಲ್ಲಿ ಸೋಡಿಯಂ ಇಳಿಯಬಹುದು ಅಂತ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಅದನ್ನು ತಪ್ಪಿಸಬೇಡಿ.

ನನಗೆ ಮಾತ್ರೆಯಲ್ಲೇ ಹತೋಟಿಗೆ ಬಂದಿದೆ. ಮಾತ್ರೆ ಸಾಲದವರಿಗೆ ಆಪರೇಷನ್ ಇದೆ.

ಬಾಗೇಪಲ್ಲಿ_ಹುಡುಗಿ

ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ತಾತನಿಗೆ ಹಣೆ ಮೇಲೆ ಒಂದೇ ಪಕ್ಕಕ್ಕೆ ಸರ್ಪಸುತ್ತು ಎದ್ದಿದೆ. ಹುಬ್ಬಿನಿಂದ ನೆತ್ತಿವರೆಗೆ ಗುಳ್ಳೆ, ನಡುಗೆರೆ ದಾಟಿಲ್ಲ. ಇದೂ ಇದೇ ನರದ್ದಾ? ಇವತ್ತು ಮೂಗಿನ ತುದಿಗೂ ಒಂದು ಗುಳ್ಳೆ ಬಂದಿದೆ.

ಫಿಸಿಯಾಲಜಿ_ಮೇಡಂ_ಕೋಲಾರ

ಅದೇ ನರ ಕಣಮ್ಮಾ, ಮೇಲಿನ ಕವಲು. ಚಿಕ್ಕವರಿದ್ದಾಗ ಬಂದ ಸಿಡುಬಿನಂಥ ಗುಳ್ಳೆಯ ಕಾಯಿಲೆ, ಚಿಕನ್‌ಪಾಕ್ಸ್, ಅದರ ವೈರಸ್ ನಾನು ಮೇಲೆ ಹೇಳಿದ ಗಂಟಿನೊಳಗೆ ಇಷ್ಟು ವರ್ಷ ಅಡಗಿ ಕೂತಿದ್ದು ಈಗ ಒಂದು ಕವಲಿನ ಉದ್ದಕ್ಕೂ ಇಳಿದು ಬಂದಿದೆ. ಅದಕ್ಕೇ ಒಂದೇ ಪಕ್ಕ.

ಮೂಗಿನ ತುದಿಯ ಗುಳ್ಳೆಯನ್ನು ಹಗುರವಾಗಿ ತಗೋಬೇಡಿ. ಮೂಗಿನ ತುದಿಗೆ ಬರುವ ಎಳೆಯೂ ಕಣ್ಣುಗುಡ್ಡೆಗೆ ಹೋಗುವ ಎಳೆಯೂ ಒಂದೇ ಉಪಕವಲಿನವು. ಅಲ್ಲಿ ಗುಳ್ಳೆ ಬಂದರೆ ಕಣ್ಣಿಗೂ ತಗಲುವ ಸಾಧ್ಯತೆ ಜಾಸ್ತಿ. ತಾತನನ್ನು ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಕಣ್ಣು ಕೆಂಪಾಗಿಲ್ಲದಿದ್ದರೂ ಸರಿ. ವೈರಸ್‌ಗೆ ಮಾತ್ರೆ ಇದೆ, ಗುಳ್ಳೆ ಎದ್ದ ಮೊದಲ 3 ದಿನದೊಳಗೆ ಶುರುವಾದರೆ ಹೆಚ್ಚು ಉಪಯೋಗ. ಮೇಲೆ ಹಚ್ಚುವ ಕೆಮ್ಮಣ್ಣು, ಸೊಪ್ಪಿನ ರಸ ಕಣ್ಣಿನ ಹತ್ತಿರ ಬೇಡವೇ ಬೇಡ.

ಶಿಡ್ಲಘಟ್ಟ_ರೇಷ್ಮೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಡಂ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ಹಾಗಾದ್ರೆ ನಂಗೆ ಹುಚ್ಚಿಲ್ಲ" ಅಂದರು. ಅವರ ಮನಸ್ಸಿನಲ್ಲಿ ಅಂಥ ಭಯ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ಮಾತ್ರೆ ಬರೆದ ಡಾಕ್ಟರ ಹತ್ತಿರ ಮತ್ತೆ ಹೋಗಿ ಕೇಳಿಕೊಂಡು ರಾತ್ರಿಯಿಂದ ಶುರು ಮಾಡಿದ್ದಾರೆ. ಎಂಆರ್‌ಐ ಮಾಡಿಸಬೇಕು ಅಂದಿದ್ದಾರೆ. ಅದರಲ್ಲಿ ಏನು ನೋಡುತ್ತಾರೆ? ಆಪರೇಷನ್ ಅಂದರೆ ನರ ಕತ್ತರಿಸುವುದಾ?

ಹಲ್ಲಿನ_ಡಾಕ್ಟರ್_ತುಮಕೂರು

ಎಂಆರ್‌ಐನಲ್ಲಿ ನರದ ಬೇರಿಗೆ ರಕ್ತನಾಳ ಒತ್ತಿದೆಯಾ ಅಂತ ನೋಡುತ್ತಾರೆ. ಅದಕ್ಕಿಂತ ಮುಖ್ಯವಾಗಿ ಅಲ್ಲಿ ಗೆಡ್ಡೆ ಇಲ್ಲ, ಮಲ್ಟಿಪಲ್ ಸ್ಕ್ಲೀರೋಸಿಸ್ (ಮಿದುಳು, ಬೆನ್ನುಹುರಿಯಲ್ಲಿ ಮೈಲಿನ್ ಹೊದಿಕೆ ಹಾಳಾಗುವ ಕಾಯಿಲೆ) ಇಲ್ಲ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಕೆನ್ನೆ ಸದಾ ಮರಗಟ್ಟಿದ್ದರೆ, ನೋವು ಎರಡೂ ಕಡೆ ಇದ್ದರೆ, ವಯಸ್ಸು ಚಿಕ್ಕದಿದ್ದರೆ ಆ ಅನುಮಾನ ಹೆಚ್ಚು. ಅಮ್ಮನಿಗೆ ಕೆನ್ನೆಯಲ್ಲಿ ಸ್ಪರ್ಶ ಕಮ್ಮಿಯಾಗಿದೆಯಾ ಅಂತ ನೋವಿಲ್ಲದ ಹೊತ್ತಿನಲ್ಲಿ ಕೇಳಿಟ್ಟುಕೊಳ್ಳಿ, ಡಾಕ್ಟರು ಖಂಡಿತ ಕೇಳುತ್ತಾರೆ.

ಆಪರೇಷನ್ ಅಂದರೆ ಕತ್ತರಿಸುವುದೇ ಆಗಬೇಕಿಲ್ಲ. ಅಮೆರಿಕದ ಪೀಟರ್ ಜಾನೆಟ್ಟಾ ಅನ್ನುವ ಶಸ್ತ್ರವೈದ್ಯರು 1960ರ ದಶಕದಲ್ಲಿ ಮೈಕ್ರೋಸ್ಕೋಪ್ ಇಟ್ಟು ಮಾಡಲು ಶುರು ಮಾಡಿದ ವಿಧಾನ ಇದೆ. ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ಕಿಂಡಿ ತೆರೆದು, ರಕ್ತನಾಳವನ್ನು ನರದಿಂದ ಸರಿಸಿ, ಎರಡರ ನಡುವೆ ಟೆಫ್ಲಾನ್‌ನ ಸಣ್ಣ ತುಣುಕು ಇಡುತ್ತಾರೆ. ನರ ಹಾಗೇ ಇರುತ್ತದೆ, ಸ್ಪರ್ಶವೂ ಸಾಮಾನ್ಯವಾಗಿ ಉಳಿಯುತ್ತದೆ. ದೊಡ್ಡ ಆಪರೇಷನ್ ತಾಳಲಾರದವರಿಗೆ ಕೆನ್ನೆಯ ಮೂಲಕ ಸೂಜಿ ಹಾಕಿ ಗಂಟಿನಲ್ಲಿ ಕೆಲವು ಎಳೆಗಳನ್ನು ಶಾಖದಿಂದ ಸುಡುವುದೂ ಉಂಟು, ಅದರಲ್ಲಿ ಕೆನ್ನೆ ಸ್ವಲ್ಪ ಮರಗಟ್ಟುತ್ತದೆ. ಇವೆಲ್ಲ ಮಾತ್ರೆಗೆ ಬಗ್ಗದಿದ್ದಾಗಿನ ಮಾತು.

ನಿಮಗೆ ಹತ್ತಿರ ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೋಗುವಾಗ ಕಿತ್ತ ಹಲ್ಲಿನ ಎಕ್ಸ್‌ರೇ, ಬರೆದುಕೊಟ್ಟ ಚೀಟಿ ಎಲ್ಲ ತಗೊಂಡು ಹೋಗಿ. ಜೊತೆಗೆ ಒಂದು ಹಾಳೆಯಲ್ಲಿ ನೋವು ಎಲ್ಲಿಂದ ಶುರುವಾಗಿ ಎಲ್ಲಿಗೆ ಹರಿಯುತ್ತದೆ, ಏನು ಮಾಡಿದಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಅಮ್ಮನ ಬಾಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಈ ಕಾಯಿಲೆಯನ್ನು ಗುರುತಿಸುವುದು ಹೆಚ್ಚಾಗಿ ಆ ವಿವರದಿಂದಲೇ.